ಒಂದೇ ಬಾಟಲಿ, ಎರಡು ಕೈ: ಸೈಕಲ್ ವೀರ ಫೌಸ್ಟೊ ಕೊಪ್ಪಿಯ ಬದುಕು

1952ರ ಜುಲೈ ತಿಂಗಳು. ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿರುವ ಗಾಲಿಬಿಯೆ ಘಾಟಿ. ಬಿಸಿಲಿಗೆ ಕಂಗಾಲಾದ ಇಬ್ಬರು ಸೈಕಲ್ ಸವಾರರು ಏರು ಹತ್ತುತ್ತಿದ್ದಾರೆ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಒಂದು ನೀರಿನ ಬಾಟಲಿ ದಾಟುತ್ತಿದೆ. ಎರಡೂ ಕೈಗಳು ಬಾಟಲಿಯ ಮೇಲಿರುವ ಆ ಒಂದು ಗಳಿಗೆ ಛಾಯಾಚಿತ್ರದಲ್ಲಿ ಸೆರೆಯಾಯಿತು.

ಆ ಇಬ್ಬರಲ್ಲಿ ಒಬ್ಬ ಫೌಸ್ಟೊ ಕೊಪ್ಪಿ, ಇನ್ನೊಬ್ಬ ಜೀನೊ ಬಾರ್ತಾಲಿ. ಇಬ್ಬರೂ ಇಟಲಿಯವರು. ಹನ್ನೆರಡು ವರ್ಷಗಳಿಂದ ಒಬ್ಬರನ್ನೊಬ್ಬರು ಸೋಲಿಸಲು ಹೆಣಗಿದವರು. ಹಾಗಾದರೆ ನೀರು ಕೊಟ್ಟವನು ಯಾರು? ಪಡೆದವನು ಯಾರು? ಚಿತ್ರ ನೋಡಿದರೆ ಗೊತ್ತಾಗುವುದಿಲ್ಲ. ಇಟಲಿಯ ಕಾಫಿ ಅಂಗಡಿಗಳಲ್ಲಿ ಈ ಬಗ್ಗೆ ದಶಕಗಳ ಕಾಲ ವಾದ ನಡೆಯಿತು. ಕೊಪ್ಪಿಯ ಕತೆ ಆ ಬಾಟಲಿಯ ಸುತ್ತಲೇ ಇದೆ. ಏಕೆಂದರೆ ಆತ ದೊಡ್ಡ ಸ್ಪರ್ಧೆಗೆ ಮೊದಲು ಬಂದಿದ್ದೇ ಬಾರ್ತಾಲಿಗೆ ನೀರು ಹೊರುವ ಆಳಾಗಿ.

ಮಾಂಸದಂಗಡಿಯ ಹುಡುಗ

ಫೌಸ್ಟೊ ಕೊಪ್ಪಿ ಹುಟ್ಟಿದ್ದು 1919ರ ಸೆಪ್ಟೆಂಬರ್ 15ರಂದು, ವಾಯವ್ಯ ಇಟಲಿಯ ಪಿಯೆಮೊಂತೆ ಪ್ರಾಂತ್ಯದ ಕಾಸ್ತೆಲ್ಲಾನಿಯಾ ಎಂಬ ಗುಡ್ಡದ ಮೇಲಿನ ಪುಟ್ಟ ಹಳ್ಳಿಯಲ್ಲಿ. ತಂದೆ ದೊಮೆನಿಕೊ, ತಾಯಿ ಆಂಜೊಲಿನಾ. ಬೇಸಾಯದ ಕುಟುಂಬ. ಐದು ಮಕ್ಕಳಲ್ಲಿ ಫೌಸ್ಟೊ ನಾಲ್ಕನೆಯವನು, ಕೊನೆಯವನು ಸೆರ್ಸೆ. ಫೌಸ್ಟೊ ನೋಡಲು ಬಡಕಲು. ಉದ್ದ ಕಾಲು, ಹಕ್ಕಿಯಂತೆ ಮುಂದೆ ಚಾಚಿದ ಎದೆ. ನೆಲದ ಮೇಲೆ ನಡೆಯುವಾಗ ಚೆಂದ ಕಾಣದ ಈ ದೇಹ ಸೈಕಲ್ ಏರಿದರೆ ಮಾತ್ರ ಬೇರೆಯೇ ಆಗುತ್ತಿತ್ತು. ಶಾಲೆ ತಪ್ಪಿಸಿ ಸೈಕಲ್ ತುಳಿಯುವುದು ಹುಡುಗನಿಗೆ ರೂಢಿಯಾಗಿತ್ತು.

ಹದಿಮೂರನೆಯ ವಯಸ್ಸಿಗೆ ಶಾಲೆ ಬಿಟ್ಟು ಹತ್ತಿರದ ನೋವಿ ಲಿಗುರೆ ಪಟ್ಟಣದ ಮಾಂಸದಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಗಿರಾಕಿಗಳ ಮನೆಗೆ ಸೈಕಲ್ ಮೇಲೆ ಸಾಮಾನು ಮುಟ್ಟಿಸುವುದು ಅವನ ಕೆಲಸ. ಏರು ತಗ್ಗಿನ ದಾರಿಯಲ್ಲಿ ದಿನವೂ ತುಳಿದು ತುಳಿದು ಕಾಲು ಗಟ್ಟಿಯಾಯಿತು. ಹಡಗಿನ ಕಪ್ತಾನನಾಗಿದ್ದ ಚಿಕ್ಕಪ್ಪ ಹಣ ಕೊಟ್ಟು ಸ್ಪರ್ಧೆಗೆ ಒಪ್ಪುವ ಸೈಕಲ್ ಕೊಳ್ಳಲು ನೆರವಾದ.

ಅದೇ ಪಟ್ಟಣದಲ್ಲಿ ಬಿಯಾಜಿಯೊ ಕವಾನ್ನಾ ಎಂಬವನಿದ್ದ. ಹಿಂದೆ ಬಾಕ್ಸಿಂಗ್ ಆಡಿದ್ದ ದಢೂತಿ ಆಳು. ಆ ಕಾಲದ ದೊಡ್ಡ ಸವಾರ ಕೊಸ್ತಾಂತೆ ಜಿರಾರ್ದೆಂಗೊಗೆ ಮಾಲೀಷು ಮಾಡಿ ಹೆಸರು ಪಡೆದವನು. ಆಮೇಲೆ ಅವನ ಎರಡೂ ಕಣ್ಣುಗಳು ಹೋದವು. ಕುರುಡ ಕವಾನ್ನಾ ಹುಡುಗರ ಕಾಲು, ಬೆನ್ನು, ಎದೆಗಳನ್ನು ಕೈಯಿಂದ ಮುಟ್ಟಿಯೇ ಅವರ ಶಕ್ತಿ ಎಷ್ಟು, ಎಷ್ಟು ದೂರ ಹೋಗಬಲ್ಲರು ಎಂದು ಅಳೆಯುತ್ತಿದ್ದ. ಅಂಗಡಿಯ ಹುಡುಗನ ಮೈ ಮುಟ್ಟಿದಾಗ ಇದು ಸಾಮಾನ್ಯ ಸರಕಲ್ಲ ಎಂದು ಅವನಿಗೆ ಹೊಳೆಯಿತು. ಏನು ತಿನ್ನಬೇಕು, ಯಾವಾಗ ಮಲಗಬೇಕು, ಎಷ್ಟು ತುಳಿಯಬೇಕು ಎಂಬುದೆಲ್ಲ ಅಲ್ಲಿಂದ ಮುಂದೆ ಗುರುವಿನ ಮಾತಿನಂತೆ ನಡೆಯಿತು.

ನೀರು ಹೊರುವವನ ಗೆಲುವು

ಇಟಲಿ ಸುತ್ತುವ ಸ್ಪರ್ಧೆಗೆ ಜಿರೊ ದಿತಾಲಿಯಾ ಎಂದು ಹೆಸರು. 1909ರಲ್ಲಿ ಶುರುವಾದದ್ದು. ಫ್ರಾನ್ಸ್ ಸುತ್ತುವ ಟೂರ್ ದ ಫ್ರಾನ್ಸ್ ಅದಕ್ಕಿಂತ ಆರು ವರ್ಷ ಹಿರಿದು. ಎರಡೂ ಮೂರು ವಾರಗಳಷ್ಟು ಕಾಲ, ದಿನಕ್ಕೊಂದು ಹಂತದಂತೆ ನಡೆಯುವಂಥವು. ಪ್ರತಿ ಹಂತಕ್ಕೂ ಸವಾರ ತೆಗೆದುಕೊಂಡ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ. ಒಟ್ಟು ಸಮಯ ಯಾರದು ಕಡಿಮೆಯೋ ಅವನೇ ಗೆದ್ದಂತೆ. ಮುನ್ನಡೆಯಲ್ಲಿ ಇರುವವನು ಜಿರೊದಲ್ಲಿ ಗುಲಾಬಿ ಅಂಗಿ, ಟೂರ್‌ನಲ್ಲಿ ಹಳದಿ ಅಂಗಿ ತೊಡುತ್ತಾನೆ.

ಇಲ್ಲಿ ಗಾಳಿಯೇ ದೊಡ್ಡ ಶತ್ರು. ಮುಂದೆ ಹೋಗುವವನು ಗಾಳಿಗೆ ಎದೆಯೊಡ್ಡಬೇಕು. ಅವನ ಚಕ್ರಕ್ಕೆ ಅಂಟಿಕೊಂಡು ಹಿಂದೆ ಬರುವವನಿಗೆ ಶ್ರಮ ಬಹಳ ಕಡಿಮೆ. ಹಾಗಾಗಿ ಪ್ರತಿ ತಂಡದಲ್ಲೂ ಒಬ್ಬ ನಾಯಕ, ಉಳಿದವರು ಅವನ ಸೇವಕರು. ನಾಯಕನಿಗಾಗಿ ಗಾಳಿ ಸೀಳುವುದು, ದಾರಿಬದಿಯ ಬಾವಿ ಕಾರಂಜಿಗಳಿಂದ ನೀರು ತುಂಬಿ ತರುವುದು, ಅವನ ಚಕ್ರ ಪಂಕ್ಚರ್ ಆದರೆ ತಮ್ಮ ಚಕ್ರ ಬಿಚ್ಚಿ ಕೊಡುವುದು ಅವರ ಕೆಲಸ. ಇಂಥವರನ್ನು ಇಟಲಿಯಲ್ಲಿ ಗ್ರೆಗಾರಿಯೊ ಎನ್ನುತ್ತಾರೆ.

1940ರ ಜಿರೊಗೆ ಲೆಗ್ನಾನೊ ತಂಡದ ನಾಯಕ ಜೀನೊ ಬಾರ್ತಾಲಿ. ಅದಾಗಲೇ ಎರಡು ಜಿರೊ, ಒಂದು ಟೂರ್ ಗೆದ್ದಿದ್ದ ತೊಸ್ಕಾನಾ ಸೀಮೆಯ ಗಟ್ಟಿಗ. ಅವನ ಗ್ರೆಗಾರಿಯೊಗಳಲ್ಲಿ ಒಬ್ಬನಾಗಿ ಇಪ್ಪತ್ತು ವರ್ಷದ ಕೊಪ್ಪಿ ಸೇರಿಕೊಂಡ. ಆದರೆ ಎರಡನೆಯ ಹಂತದಲ್ಲೇ ಒಂದು ನಾಯಿ ಅಡ್ಡ ಬಂದು ಬಾರ್ತಾಲಿ ಬಿದ್ದ. ಮೊಣಕಾಲಿಗೆ ಪೆಟ್ಟಾಗಿ ಸಮಯ ಕಳೆದುಕೊಂಡ. ಫ್ಲಾರೆನ್ಸ್‌ನಿಂದ ಮೊದೆನಾಗೆ ಹೋಗುವ ಹನ್ನೊಂದನೆಯ ಹಂತದಲ್ಲಿ ಅಬೆತೊನೆ ಘಾಟಿ ಸಿಗುತ್ತದೆ. ಮಳೆ, ಆಲಿಕಲ್ಲು. ಆ ಹವೆಯಲ್ಲಿ ಕೊಪ್ಪಿ ಎಲ್ಲರನ್ನೂ ಬಿಟ್ಟು ಒಬ್ಬನೇ ಮುಂದೆ ಹೋದ. ಹಂತವೂ ಅವನದು, ಗುಲಾಬಿ ಅಂಗಿಯೂ ಅವನದು.

ಈಗ ತಂಡದ ಮ್ಯಾನೇಜರ್ ಪವೇಸಿಗೆ ಸಂದಿಗ್ಧ. ನಾಯಕ ಹಿಂದೆ, ಆಳು ಮುಂದೆ. ಕೊನೆಗೆ ಬಾರ್ತಾಲಿಯೇ ಆಳಿಗೆ ನೆರವಾಗಬೇಕಾಯಿತು. ದೊಲೊಮಿತಿ ಬೆಟ್ಟಗಳಲ್ಲಿ ಕೊಪ್ಪಿ ಬಸವಳಿದು ನಿಲ್ಲುವ ಹೊತ್ತಿಗೆ ಬಾರ್ತಾಲಿ ಗದರಿಸಿ, ಹುರಿದುಂಬಿಸಿ ಅವನನ್ನು ಎಳೆದುಕೊಂಡು ಹೋದ. ಜೂನ್ 9ರಂದು ಮಿಲಾನ್‌ನಲ್ಲಿ ಕೊಪ್ಪಿ ಎನ್ರಿಕೊ ಮೊಲ್ಲೊನನ್ನು 2 ನಿಮಿಷ 40 ಸೆಕೆಂಡುಗಳಿಂದ ಹಿಂದಿಕ್ಕಿ ಜಿರೊ ಗೆದ್ದ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಜಿರೊ ಗೆದ್ದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಮಾರನೆಯ ದಿನ ಇಟಲಿ ಯುದ್ಧ ಘೋಷಿಸಿತು.

ಯುದ್ಧ ನುಂಗಿದ ವರ್ಷಗಳು

ಕೊಪ್ಪಿ ಸೈನ್ಯಕ್ಕೆ ಸೇರಬೇಕಾಯಿತು. 1942ರ ನವೆಂಬರ್ 7ರಂದು, ಬಾಂಬ್ ದಾಳಿಗೆ ತುತ್ತಾಗುತ್ತಿದ್ದ ಮಿಲಾನ್ ನಗರದ ವಿಗೊರೆಲ್ಲಿ ಸೈಕಲ್ ಮೈದಾನದಲ್ಲಿ ಆತ ಒಂದು ಗಂಟೆಯಲ್ಲಿ ಎಷ್ಟು ದೂರ ಹೋಗಬಹುದು ಎಂಬ ದಾಖಲೆಗೆ ಕೈಹಾಕಿದ. 45.798 ಕಿಲೋಮೀಟರ್ ತುಳಿದ. ಹಿಂದಿನ ದಾಖಲೆಗಿಂತ ಕೇವಲ 31 ಮೀಟರ್ ಹೆಚ್ಚು. ಆದರೂ ಆ ದಾಖಲೆ 1956ರವರೆಗೆ ನಿಂತಿತು. ಅದನ್ನು ಮುರಿದವನು ಫ್ರಾನ್ಸಿನ ಜಾಕ್ ಅಂಕೆತಿಲ್.

1943ರಲ್ಲಿ ಕೊಪ್ಪಿಯನ್ನು ಉತ್ತರ ಆಫ್ರಿಕಾಕ್ಕೆ ಕಳುಹಿಸಿದರು. ಆ ಏಪ್ರಿಲ್‌ನಲ್ಲಿ ಟ್ಯುನೀಸಿಯಾದಲ್ಲಿ ಬ್ರಿಟಿಷರ ಕೈಗೆ ಸೆರೆಸಿಕ್ಕ. ಸವಾರನೊಬ್ಬನ ಅತ್ಯುತ್ತಮ ವರ್ಷಗಳು ಸೆರೆ ಶಿಬಿರದಲ್ಲಿ ಕಳೆದವು. 1945ರಲ್ಲಿ ದಕ್ಷಿಣ ಇಟಲಿಗೆ ಕರೆತಂದರು. ಯುದ್ಧ ಮುಗಿದಾಗ ಸೈಕಲ್ ತುಳಿಯುತ್ತ, ಸಿಕ್ಕ ಲಾರಿ ಹತ್ತುತ್ತ ಊರು ಸೇರಿಕೊಂಡ. ಅದೇ ನವೆಂಬರ್‌ನಲ್ಲಿ ಬ್ರೂನಾ ಎಂಬಾಕೆಯೊಡನೆ ಮದುವೆಯಾಯಿತು. 1947ರಲ್ಲಿ ಮಗಳು ಮರೀನಾ ಹುಟ್ಟಿದಳು.

ಇತ್ತ ಬಾರ್ತಾಲಿ ಯುದ್ಧಕಾಲದಲ್ಲಿ ಬೇರೆಯೇ ಕೆಲಸ ಮಾಡುತ್ತಿದ್ದ. ಅಭ್ಯಾಸದ ನೆಪದಲ್ಲಿ ಊರಿಂದೂರಿಗೆ ಹೋಗುತ್ತ, ಯಹೂದಿಗಳ ಜೀವ ಉಳಿಸುವ ನಕಲಿ ಗುರುತುಪತ್ರಗಳನ್ನು ಸೈಕಲ್ ಕೊಳವೆಯೊಳಗೆ ಬಚ್ಚಿಟ್ಟು ಸಾಗಿಸುತ್ತಿದ್ದ. ಬದುಕಿದ್ದಾಗ ಈ ಬಗ್ಗೆ ಬಾಯಿಬಿಟ್ಟು ಹೇಳಿಕೊಂಡವನಲ್ಲ. ಇಸ್ರೇಲ್‌ನ ಯಾದ್ ವಶೇಮ್ ಸಂಸ್ಥೆ 2013ರಲ್ಲಿ ಅವನಿಗೆ ಮರಣೋತ್ತರ ಗೌರವ ನೀಡಿತು.

ಎರಡು ಪಾಳಯವಾದ ದೇಶ

1946ರಲ್ಲಿ ಕೊಪ್ಪಿ ಬಿಯಾಂಕಿ ತಂಡದ ನಾಯಕ. ಈಗ ಅವನು ಯಾರ ಆಳೂ ಅಲ್ಲ. ಆ ಮಾರ್ಚ್ 19ರಂದು ನಡೆದ ಮಿಲಾನ್–ಸಾನ್ ರೆಮೊ ಸ್ಪರ್ಧೆಯಲ್ಲಿ ಎರಡನೆಯವನು ಗುರಿ ಮುಟ್ಟುವಾಗ ಕೊಪ್ಪಿ ಬಂದು 14 ನಿಮಿಷವಾಗಿತ್ತು. ಆದರೆ ಜಿರೊದಲ್ಲಿ ಮೂವತ್ತೆರಡರ ಹೊಸ್ತಿಲಲ್ಲಿದ್ದ ಬಾರ್ತಾಲಿ 47 ಸೆಕೆಂಡುಗಳಿಂದ ಗೆದ್ದ. ಮರುವರ್ಷ ಕೊಪ್ಪಿ 1 ನಿಮಿಷ 43 ಸೆಕೆಂಡುಗಳಿಂದ ಸೇಡು ತೀರಿಸಿಕೊಂಡ.

ಯುದ್ಧದಲ್ಲಿ ಸೋತು ಹೈರಾಣಾಗಿದ್ದ ದೇಶ ಈ ಜಗಳದಲ್ಲಿ ತನ್ನ ಜಗಳವನ್ನೇ ಕಂಡಿತು. ಬಾರ್ತಾಲಿ ದೈವಭಕ್ತ, ಚರ್ಚಿನ ಮಗ. ಹಳ್ಳಿಗರಿಗೂ ಕ್ರಿಶ್ಚಿಯನ್ ಡೆಮಾಕ್ರಾಟ್ ಪಕ್ಷದವರಿಗೂ ಅವನು ಪ್ರಿಯ. ಕೊಪ್ಪಿ ಹೊಸ ಕಾಲದವನು, ಮಾತು ಕಡಿಮೆ. ಆಹಾರ, ಅಭ್ಯಾಸ, ಸೈಕಲ್‌ನ ಒಂದೊಂದು ಭಾಗವನ್ನೂ ಲೆಕ್ಕ ಹಾಕುವವನು. ಕಾರ್ಖಾನೆಯವರು, ಎಡಪಕ್ಷದವರು ಅವನನ್ನು ತಮ್ಮವನೆಂದುಕೊಂಡರು. ಆತ ರಾಜಕೀಯಕ್ಕೆ ಅಂಟಿಕೊಂಡವನಲ್ಲ ಎಂಬುದನ್ನು ಯಾರೂ ಲೆಕ್ಕಿಸಲಿಲ್ಲ. ಒಂದೇ ಮನೆಯಲ್ಲಿ ಅಪ್ಪ ಬಾರ್ತಾಲಿ ಕಡೆ, ಮಗ ಕೊಪ್ಪಿ ಕಡೆ ಎಂಬಂತಾಯಿತು.

ರಸ್ತೆಯ ಮೇಲೆ ಇವರ ಆಟ ಕಾಲಿನಷ್ಟೇ ಕಣ್ಣಿನದೂ ಆಗಿತ್ತು. ಕೊಪ್ಪಿ ದಣಿದಾಗ ಅವನ ಮೊಣಕಾಲಿನ ಹಿಂದೆ ಒಂದು ನರ ಉಬ್ಬುತ್ತದೆ ಎಂಬುದನ್ನು ಬಾರ್ತಾಲಿ ಪತ್ತೆಹಚ್ಚಿದ್ದ. ಅದನ್ನೇ ನೋಡುತ್ತಿರಲು ತನ್ನ ತಂಡದವನೊಬ್ಬನನ್ನು ಕೊಪ್ಪಿಯ ಹಿಂದೆ ಬಿಟ್ಟಿದ್ದ. ನರ ಉಬ್ಬಿದ ಸುದ್ದಿ ಬಂದ ತಕ್ಷಣ ಬಾರ್ತಾಲಿ ವೇಗ ಹೆಚ್ಚಿಸುತ್ತಿದ್ದ. ಇನ್ನೊಮ್ಮೆ ಕೊಪ್ಪಿ ಏನನ್ನೋ ಕುಡಿದು ಬಾಟಲಿ ಬಿಸಾಡಿದ್ದನ್ನು ಕಂಡ. ಸ್ಪರ್ಧೆ ಮುಗಿದ ಮೇಲೆ ಆ ಜಾಗಕ್ಕೇ ಹೋಗಿ, ಪೊದೆಯಲ್ಲಿ ಹುಡುಕಿ, ಬಾಟಲಿಯನ್ನು ಪರೀಕ್ಷೆಗೆ ಕೊಟ್ಟ. ಅದರಲ್ಲಿ ಇದ್ದದ್ದು ಬರೀ ಟಾನಿಕ್. ಇದನ್ನೆಲ್ಲ ಮುಂದೆ ಬಾರ್ತಾಲಿಯೇ ಹೇಳಿಕೊಂಡಿದ್ದಾನೆ. ಉತ್ತೇಜಕ ಗುಳಿಗೆಗಳಿಗೆ ಆಗ ಸೈಕಲ್ ಸ್ಪರ್ಧೆಯಲ್ಲಿ ನಿಷೇಧವಿರಲಿಲ್ಲ. ಬಹಳ ಜನ ನುಂಗುತ್ತಿದ್ದರು. ತಾನೂ ತೆಗೆದುಕೊಂಡದ್ದನ್ನು ಕೊಪ್ಪಿ ಬಚ್ಚಿಡಲಿಲ್ಲ.

ಹಟ ಮಿತಿ ಮೀರಿದ್ದು 1948ರಲ್ಲಿ. ಆ ಜಿರೊದಲ್ಲಿ ಘಾಟಿ ಏರುವಾಗ ಫಿಯೊರೆಂಜೊ ಮಾನ್ಯಿಯನ್ನು ಅವನ ಅಭಿಮಾನಿಗಳು ಬೆನ್ನು ಹಿಡಿದು ತಳ್ಳಿದರು. ತೀರ್ಪುಗಾರರು ಬರೀ ಎರಡು ನಿಮಿಷ ದಂಡ ಹಾಕಿದರು. ಕೊಪ್ಪಿ ಸಿಟ್ಟಿಗೆದ್ದು ಇಡೀ ಬಿಯಾಂಕಿ ತಂಡದೊಂದಿಗೆ ಹೊರನಡೆದ. ಮಾನ್ಯಿ 11 ಸೆಕೆಂಡುಗಳಿಂದ ಗೆದ್ದ. ಜುಲೈನಲ್ಲಿ ಬಾರ್ತಾಲಿ ಹತ್ತು ವರ್ಷಗಳ ಬಳಿಕ ಮತ್ತೆ ಟೂರ್ ಗೆದ್ದು ದೇಶವನ್ನೇ ಕುಣಿಸಿದ. ಆದರೆ ಬಳಿಕ ಹಾಲೆಂಡಿನ ವಾಲ್ಕೆನ್‌ಬರ್ಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆದದ್ದೇ ಬೇರೆ. ಒಬ್ಬನ ಚಕ್ರವನ್ನು ಇನ್ನೊಬ್ಬ ಬಿಡಲಿಲ್ಲ. ತಾನು ಸೋತರೂ ಸರಿ, ಅವನು ಗೆಲ್ಲಬಾರದು ಎಂಬ ಹಟ. ಮುಂದಿನವರು ಹೋಗೇ ಹೋದರು. ಇಬ್ಬರೂ ಸ್ಪರ್ಧೆಯ ನಡುವೆಯೇ ಸೈಕಲ್ ಇಳಿದು ಹೊರಬಂದರು. ದೇಶದ ಮಾನ ಕಳೆದರೆಂದು ಇಟಲಿಯ ಸೈಕ್ಲಿಂಗ್ ಸಂಘ ಇಬ್ಬರನ್ನೂ ಅಮಾನತು ಮಾಡಿತು.

ಐದು ಘಾಟಿ, 192 ಕಿಲೋಮೀಟರ್

1949ರ ಜೂನ್ 10. ಜಿರೊದ ಹದಿನೇಳನೆಯ ಹಂತ. ಕುನೆಯೊದಿಂದ ಪಿನೆರೊಲೊಗೆ 254 ಕಿಲೋಮೀಟರ್. ಇಟಲಿಯ ಗಡಿ ದಾಟಿ ಫ್ರಾನ್ಸಿಗೆ ಹೋಗಿ ಮತ್ತೆ ಇಟಲಿಗೆ ಮರಳುವ ದಾರಿ. ನಡುವೆ ಮದ್ದಲೇನಾ, ವಾರ್ಸ್, ಇಝೋವಾರ್, ಮೊಂಜೆನೆವ್ರ್, ಸೆಸ್ತ್ರಿಯೆರೆ ಎಂಬ ಐದು ಘಾಟಿಗಳು. ಮೊದಲನೆಯ ಘಾಟಿಯಲ್ಲೇ ಪ್ರೀಮೊ ವೊಲ್ಪಿ ಎಂಬವನು ಮುನ್ನುಗ್ಗಿದ. ಕೊಪ್ಪಿ ಅವನ ಹಿಂದೆ ಹೋದವನು ಕೆಲವೇ ಹೊತ್ತಿನಲ್ಲಿ ಅವನನ್ನೂ ಬಿಟ್ಟ. ಇನ್ನು ಉಳಿದದ್ದು 192 ಕಿಲೋಮೀಟರ್. ಅಷ್ಟು ಬೇಗ ಒಬ್ಬಂಟಿಯಾಗಿ ಹೊರಡುವುದು ಹುಚ್ಚು ಎಂದೇ ಎಲ್ಲರ ಲೆಕ್ಕ. ಗಾಳಿಗೆ ಅಡ್ಡ ನಿಲ್ಲಲು ಯಾರೂ ಇಲ್ಲ, ನೀರು ಕೊಡಲು ಯಾರೂ ಇಲ್ಲ. ಹಿಂದೆ ಬಾರ್ತಾಲಿ ಬೆನ್ನಟ್ಟುತ್ತಲೇ ಇದ್ದ. ಘಾಟಿ ಘಾಟಿಗೂ ಅಂತರ ಬೆಳೆಯುತ್ತ ಹೋಯಿತು. ಪಿನೆರೊಲೊದಲ್ಲಿ ಕೊಪ್ಪಿ ಇಳಿದು 11 ನಿಮಿಷ 52 ಸೆಕೆಂಡು ಕಳೆದ ಮೇಲೆ ಬಾರ್ತಾಲಿ ಬಂದ, ಎರಡನೆಯವನಾಗಿ. ಒಟ್ಟು ಜಿರೊವನ್ನು ಕೊಪ್ಪಿ 23 ನಿಮಿಷ 47 ಸೆಕೆಂಡುಗಳಿಂದ ಗೆದ್ದ. ಪತ್ರಿಕೆಯೊಂದಕ್ಕಾಗಿ ಈ ಜಿರೊ ವರದಿ ಮಾಡುತ್ತಿದ್ದ ಸಾಹಿತಿ ದೀನೊ ಬುಝಾತಿಗೆ ಈ ಇಬ್ಬರಲ್ಲಿ ಗ್ರೀಕ್ ಪುರಾಣದ ಅಖಿಲೀಸ್ ಮತ್ತು ಹೆಕ್ಟರ್ ಕಂಡರು.

ಆ ಕಾಲದಲ್ಲಿ ಟೂರ್‌ನಲ್ಲಿ ಕಂಪೆನಿಗಳ ತಂಡಗಳಿರಲಿಲ್ಲ, ದೇಶಗಳ ತಂಡಗಳಿದ್ದವು. ಅಂದರೆ ಜೂನ್‌ನಲ್ಲಿ ಕಚ್ಚಾಡಿದವರು ಜುಲೈನಲ್ಲಿ ಒಂದೇ ಅಂಗಿ ತೊಡಬೇಕು. ಇಟಲಿ ತಂಡದ ಮ್ಯಾನೇಜರ್ ಅಲ್ಫ್ರೆಡೊ ಬಿಂದಾ. ತಾನೇ ಐದು ಜಿರೊ ಗೆದ್ದವನು. ಇಬ್ಬರನ್ನೂ ಕೂರಿಸಿ, ಒಬ್ಬರ ಕಾಲು ಒಬ್ಬರು ಎಳೆಯಬಾರದು ಎಂಬ ಒಪ್ಪಂದ ಮಾಡಿಸಿದ.

ಒಪ್ಪಂದ ಐದನೆಯ ಹಂತಕ್ಕೇ ಮುರಿಯುವ ಹಾಗಾಯಿತು. ರುವಾನ್‌ನಿಂದ ಸೇಂಟ್ ಮಾಲೊಗೆ ಹೋಗುವ ದಾರಿಯಲ್ಲಿ ಕೊಪ್ಪಿ ಬಿದ್ದು ಸೈಕಲ್ ಮುರಿಯಿತು. ಕಾರಿನಲ್ಲಿ ತಂದುಕೊಟ್ಟ ಸೈಕಲ್ ಅವನದಲ್ಲ. ಅವನ ಬದಲಿ ಸೈಕಲ್ ಇದ್ದದ್ದು ಬಿಂದಾನ ಕಾರಿನಲ್ಲಿ, ಅದು ಹಿಂದೆ ಉಳಿದಿತ್ತು. ಮ್ಯಾನೇಜರ್ ಬಾರ್ತಾಲಿಯ ಪರ ಎಂಬ ಗುಮಾನಿ ಕೊಪ್ಪಿಯ ತಲೆ ಹೊಕ್ಕಿತು. ರಸ್ತೆ ಬದಿಯಲ್ಲೇ ನಿಂತ. ಮನೆಗೆ ಹೋಗುತ್ತೇನೆ ಎಂದು ಹಟ ಹಿಡಿದ. ಬಿಂದಾ ಬಂದು ಸಮಾಧಾನಪಡಿಸಿ ಹತ್ತಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಆ ಸಂಜೆ ಹಳದಿ ಅಂಗಿಯವನಿಗಿಂತ ಕೊಪ್ಪಿ 36 ನಿಮಿಷಕ್ಕೂ ಹೆಚ್ಚು ಹಿಂದಿದ್ದ.

ಆಲ್ಪ್ಸ್ ಬೆಟ್ಟ ಬಂತು. ಜುಲೈ 18, ಬಾರ್ತಾಲಿಗೆ 35 ತುಂಬುವ ದಿನ. ಇಝೋವಾರ್ ಘಾಟಿಯಲ್ಲಿ ಇಬ್ಬರೂ ಎಲ್ಲರನ್ನೂ ಬಿಟ್ಟು ಜೊತೆಯಾಗಿ ಏರಿದರು. ಬ್ರಿಯಾಂಸೋನ್ ಊರಿನಲ್ಲಿ ಹಂತದ ಗೆಲುವನ್ನು ಕೊಪ್ಪಿ ಹಿರಿಯನಿಗೆ ಬಿಟ್ಟುಕೊಟ್ಟ. ಹಳದಿ ಅಂಗಿ ಬಾರ್ತಾಲಿಯ ಮೈಮೇಲೆ ಬಂತು. ಮಾರನೆಯ ದಿನವೂ ಇಬ್ಬರೂ ಜೊತೆಗೇ ಹೊರಟರು. ಆದರೆ ಇಟಲಿಯೊಳಗೆ ಅಓಸ್ತಾ ಕಡೆಗೆ ಇಳಿಯುವಾಗ ಬಾರ್ತಾಲಿಯ ಟೈರ್ ಪಂಕ್ಚರ್ ಆಯಿತು, ಆಮೇಲೆ ಆತ ಬಿದ್ದ. ಕಾಯಬೇಕೇ, ಹೋಗಬೇಕೇ? ಬಿಂದಾ ಹೋಗು ಎಂದ. ಕೊಪ್ಪಿ ಹೋದ, ಹಳದಿ ಅಂಗಿ ತೊಟ್ಟ. ಅದೃಷ್ಟದಿಂದ ಗೆದ್ದ ಎಂಬ ಮಾತಿಗೆ ಎಡೆಯಿಲ್ಲದಂತೆ, ಒಬ್ಬೊಬ್ಬರನ್ನೇ ಗಡಿಯಾರದ ಎದುರು ಓಡಿಸುವ 137 ಕಿಲೋಮೀಟರ್‌ಗಳ ಹಂತದಲ್ಲಿ ಬಾರ್ತಾಲಿಗಿಂತ ಸುಮಾರು ಏಳು ನಿಮಿಷ ಮೊದಲು ಮುಗಿಸಿದ. ಪ್ಯಾರಿಸ್‌ನಲ್ಲಿ ಅಂತಿಮ ಅಂತರ 10 ನಿಮಿಷ 55 ಸೆಕೆಂಡು. ಒಂದೇ ವರ್ಷ ಜಿರೊ ಮತ್ತು ಟೂರ್ ಎರಡನ್ನೂ ಗೆದ್ದ ಮೊದಲಿಗ ಫೌಸ್ಟೊ ಕೊಪ್ಪಿ. ಇಟಲಿಯವರು ಅವನನ್ನು ಕಂಪಿಯೊನಿಸ್ಸಿಮೊ ಎಂದರು. ಚಾಂಪಿಯನ್ನರ ಚಾಂಪಿಯನ್ ಎಂದು ಅದರ ಅರ್ಥ.

ತಮ್ಮನ ಸಾವು, ಆಳಿನ ಕಣ್ಣೀರು

ಕೊಪ್ಪಿಯ ಮೂಳೆಗಳು ಮಾತ್ರ ಗಟ್ಟಿಯಲ್ಲ. 1950ರ ಜಿರೊದಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮರುವರ್ಷ ಅದಕ್ಕಿಂತ ದೊಡ್ಡ ಪೆಟ್ಟು ಬಿತ್ತು. 1951ರ ಜೂನ್ 29ರಂದು ತೂರಿನ್‌ನಲ್ಲಿ ನಡೆದ ಪಿಯೆಮೊಂತೆ ಸ್ಪರ್ಧೆಯಲ್ಲಿ ತಮ್ಮ ಸೆರ್ಸೆ ಟ್ರಾಂ ಹಳಿಗೆ ಚಕ್ರ ಸಿಕ್ಕಿ ಬಿದ್ದ. ತಲೆಗೆ ಏಟು ಬಿತ್ತು. ಎದ್ದು ಸೈಕಲ್ ಹತ್ತಿ ಗುರಿ ಮುಟ್ಟಿದ, ಹೋಟೆಲಿಗೂ ಹೋದ. ಕೆಲ ಹೊತ್ತಿನಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡ. ನಗುನಗುತ್ತ ಇರುತ್ತಿದ್ದ ಸೆರ್ಸೆ ಅಣ್ಣನ ಸಹಸವಾರನೂ ಹೌದು, ಮನಸ್ಸು ಕುಗ್ಗಿದಾಗ ಎತ್ತಿ ನಿಲ್ಲಿಸುವವನೂ ಹೌದು. ಒಂದು ವಾರವೂ ಕಳೆಯುವ ಮುನ್ನ ಕೊಪ್ಪಿ ಟೂರ್‌ಗೆ ಹೊರಟ. ಮೊಂಪೆಲಿಯೆ ಕಡೆಗಿನ ಬಿಸಿಲ ದಾರಿಯಲ್ಲಿ ಕುಸಿದ. ವಾಂತಿ ಮಾಡುತ್ತ, ತೂರಾಡುತ್ತ ಅರ್ಧ ಗಂಟೆಗೂ ಹೆಚ್ಚು ತಡವಾಗಿ ಗುರಿ ಮುಟ್ಟಿದ.

1952ರಲ್ಲಿ ಆತ ಮತ್ತೆ ಎದ್ದು ನಿಂತ. ಜಿರೊ ಗೆದ್ದು ಟೂರ್‌ಗೆ ಬಂದ. ಆ ಟೂರ್‌ನಲ್ಲಿ ನಡೆದ ಒಂದು ಪ್ರಸಂಗ ಈ ಆಟದ ಒಳಗುಟ್ಟನ್ನು ತೋರಿಸುತ್ತದೆ. ಕೊಪ್ಪಿಯ ಆಳುಗಳಲ್ಲಿ ಆಂದ್ರೆಯಾ ಕರ್ರೆಯಾ ಎಂಬವನಿದ್ದ. ಅವನೂ ಕವಾನ್ನಾನ ಶಿಷ್ಯ, ಯುದ್ಧದಲ್ಲಿ ಬುಖೆನ್‌ವಾಲ್ಡ್ ಯಾತನಾ ಶಿಬಿರದಿಂದ ಬದುಕಿ ಬಂದವನು. ಲೋಸಾನ್ ಊರಿಗೆ ಹೋಗುವ ಹಂತದಲ್ಲಿ ಎದುರಾಳಿಗಳ ಗುಂಪೊಂದು ಮುಂದೆ ಓಡಿತು. ಅವರ ಮೇಲೆ ಕಣ್ಣಿಡಲು ಕರ್ರೆಯಾ ಅವರ ಜೊತೆ ಹೋದ. ಗುಂಪು ಬಹಳ ಮುಂದೆ ಬಂದುಬಿಟ್ಟಿತು. ಹಂತ ಮುಗಿದಾಗ ಲೆಕ್ಕ ಹಾಕಿದರೆ ಹಳದಿ ಅಂಗಿ ಕರ್ರೆಯಾನದು! ಸಂತೋಷಪಡುವ ಬದಲು ಆತ ಅತ್ತ. ನಾಯಕನಿಗೆ ದ್ರೋಹ ಮಾಡಿದೆನೇನೋ ಎಂಬ ಅಂಜಿಕೆ ಅವನದು. ಕೊಪ್ಪಿ ನಗುತ್ತ ಬಂದು ಅಭಿನಂದಿಸಿದ. ಮಾರನೆಯ ದಿನ, ಜುಲೈ 4ರಂದು, ಟೂರ್ ಮೊತ್ತಮೊದಲ ಬಾರಿಗೆ ಆಲ್ಪ್ ದ್ಯುಯೆಜ್ ಬೆಟ್ಟದ ನೆತ್ತಿಯಲ್ಲಿ ಮುಗಿಯಿತು. ಕೊಪ್ಪಿ ಒಬ್ಬನೇ ಮೇಲೇರಿ ಗೆದ್ದು ಹಳದಿ ಅಂಗಿಯನ್ನು ತನ್ನ ಆಳಿನಿಂದ ಪಡೆದ. ಬಾಟಲಿಯ ಆ ಪ್ರಸಿದ್ಧ ಚಿತ್ರವೂ ಈ ಟೂರ್‌ನದೇ. ಮೂವತ್ತೆಂಟು ತುಂಬುತ್ತಿದ್ದ ಬಾರ್ತಾಲಿ ಈಗ ಕೊಪ್ಪಿಗೆ ನೆರವಾಗುವ ಹಿರಿಯ. ಕೊಪ್ಪಿ ಎಷ್ಟು ಮುಂದಿದ್ದನೆಂದರೆ, ಉಳಿದವರಿಗೆ ಹುರುಪು ಬರಲೆಂದು ಸಂಘಟಕರು ಎರಡನೆಯ ಸ್ಥಾನದ ಬಹುಮಾನವನ್ನು ದುಪ್ಪಟ್ಟು ಮಾಡಬೇಕಾಯಿತು. ಕೊನೆಗೆ ಅಂತರ 28 ನಿಮಿಷ 17 ಸೆಕೆಂಡು.

ಕಪ್ಪು ಕನ್ನಡಕದ ಹಿಂದಿನ ಕಣ್ಣು

1953ರ ಜಿರೊ ಮುಗಿಯಲು ಎರಡೇ ದಿನ ಬಾಕಿ. ಸ್ವಿಟ್ಜರ್ಲೆಂಡ್‌ನ ಸುಂದರಾಂಗ ಹೂಗೊ ಕೊಬ್ಲೆಟ್ ಗುಲಾಬಿ ಅಂಗಿಯಲ್ಲಿ. ಕೊಪ್ಪಿ 1 ನಿಮಿಷ 59 ಸೆಕೆಂಡು ಹಿಂದೆ. ಕೊಪ್ಪಿ ಸೋಲೊಪ್ಪಿಕೊಂಡಿದ್ದಾನೆ, ಇಬ್ಬರ ನಡುವೆ ಇನ್ನು ಜಗಳವಿಲ್ಲ ಎಂದು ಒಳಗೊಳಗೇ ಮಾತಾಗಿದೆ ಎಂಬ ಸುದ್ದಿ ಹರಡಿತ್ತು. ಜೂನ್ 1ರಂದು ಸ್ಟೆಲ್ವಿಯೊ ಘಾಟಿ. 2,758 ಮೀಟರ್ ಎತ್ತರ, ನಲವತ್ತೆಂಟು ಹಿಮ್ಮುರಿ ತಿರುವು, ರಸ್ತೆಯ ಎರಡೂ ಕಡೆ ಹಿಮದ ಗೋಡೆ. ಜಿರೊ ಅಲ್ಲಿಗೆ ಹೋದದ್ದು ಅದೇ ಮೊದಲು.

ಆ ಬೆಳಿಗ್ಗೆಯ ಬಗ್ಗೆ ಕೊಪ್ಪಿಯ ತಂಡದವರು ಹೇಳುತ್ತಿದ್ದ ಕತೆಯೊಂದಿದೆ. ಕೊಬ್ಲೆಟ್ ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಕೊಪ್ಪಿಯ ಆಳು ಎತ್ತೊರೆ ಮಿಲಾನೊ ಹತ್ತಿರ ಹೋಗಿ, ಜೊತೆಗೊಂದು ಫೋಟೊ ತೆಗೆಸಿಕೊಳ್ಳೋಣ, ಕನ್ನಡಕ ತೆಗೆಯಬಹುದೇ ಎಂದು ಕೇಳಿದ. ಕೊಬ್ಲೆಟ್ ತೆಗೆದ. ಕಣ್ಣು ಗುಳಿಬಿದ್ದಿತ್ತು, ರಾತ್ರಿ ನಿದ್ದೆಯಿಲ್ಲದ್ದು ಸ್ಪಷ್ಟವಾಗಿತ್ತು. ಸುದ್ದಿ ಕೊಪ್ಪಿಗೆ ಮುಟ್ಟಿತು. ಏರಿನಲ್ಲಿ ಮೊದಲು ನೀನೊ ದೆಫಿಲಿಪ್ಪಿಸ್ ಎಂಬ ಹುಡುಗ ಮುನ್ನುಗ್ಗಿದ. ಕೊಬ್ಲೆಟ್ ಅವನ ಬೆನ್ನುಹತ್ತಿ ಶಕ್ತಿ ವ್ಯಯಿಸಿದ. ಆಗ ಕೊಪ್ಪಿ ಹೊರಟ. ಕೊಬ್ಲೆಟ್‌ಗೆ ಮತ್ತೆ ಹಿಡಿಯಲಾಗಲಿಲ್ಲ. ಕೊಪ್ಪಿ 1 ನಿಮಿಷ 29 ಸೆಕೆಂಡುಗಳಿಂದ ಐದನೆಯ ಜಿರೊ ಗೆದ್ದ. ಆಗಸ್ಟ್‌ನಲ್ಲಿ ಲುಗಾನೊದಲ್ಲಿ ವಿಶ್ವ ಚಾಂಪಿಯನ್ ಆದ.

ಬಿಳಿಯುಡುಗೆಯ ಮಹಿಳೆ

ಅದೇ ಹೊತ್ತಿಗೆ ಜೂಲಿಯಾ ಒಕ್ಕೀನಿ ಎಂಬಾಕೆಯ ಹೆಸರು ಕೊಪ್ಪಿಯ ಜೊತೆ ಕೇಳಿಬರತೊಡಗಿತು. ವೈದ್ಯನೊಬ್ಬನ ಹೆಂಡತಿ. ತೊಟ್ಟ ಬಿಳಿ ಕೋಟಿನಿಂದಾಗಿ ಪತ್ರಿಕೆಗಳು ಆಕೆಯನ್ನು ಬಿಳಿಯುಡುಗೆಯ ಮಹಿಳೆ ಎಂದವು. ಇಬ್ಬರೂ ಮದುವೆಯಾದವರು, ಮಕ್ಕಳಿದ್ದವರು. ಇಟಲಿಯಲ್ಲಿ ಆಗ ವಿಚ್ಛೇದನದ ಕಾನೂನೇ ಇರಲಿಲ್ಲ, ಅದು ಬಂದದ್ದು 1970ರಲ್ಲಿ. ಪರಪುರುಷನ ಜೊತೆ ಹೋದ ಹೆಂಗಸಿಗೆ ಜೈಲು ಎಂಬ ಕಾನೂನು ಮಾತ್ರ ಇತ್ತು. 1954ರಲ್ಲಿ ಜೂಲಿಯಾ ಕೆಲವು ದಿನ ಜೈಲಿನಲ್ಲಿದ್ದಳು. 1955ರಲ್ಲಿ ನ್ಯಾಯಾಲಯ ಇಬ್ಬರನ್ನೂ ತಪ್ಪಿತಸ್ಥರೆಂದು ಸಾರಿ, ಶಿಕ್ಷೆಯನ್ನು ತಡೆಹಿಡಿಯಿತು. ಹುಟ್ಟಲಿರುವ ಮಗು ಕಾನೂನಿನ ಪ್ರಕಾರ ಮೊದಲ ಗಂಡನ ಹೆಸರಿಗೆ ಹೋಗುತ್ತದೆಂದು ಆಕೆ ಅರ್ಜೆಂಟೀನಾಕ್ಕೆ ಹೋಗಿ ಹೆತ್ತಳು. ಆ ಮಗನೇ ಫೌಸ್ಟಿನೊ. ನಿನ್ನೆಯವರೆಗೆ ಹೊತ್ತು ಮೆರೆಸಿದ ಜನರಲ್ಲಿ ಬಹಳ ಮಂದಿ ಕೊಪ್ಪಿಗೆ ಬೆನ್ನು ತಿರುಗಿಸಿದರು. ಮನೆಯಲ್ಲಿ ಉಳಿದ ಬ್ರೂನಾ, ಪುಟ್ಟ ಮರೀನಾರ ನೋವಿನ ಬಗ್ಗೆ ಬರೆದವರು ಕಡಿಮೆ.

1955ರ ಜಿರೊದಲ್ಲಿ ಕೊಪ್ಪಿಗೆ ವಯಸ್ಸು 35. ಕೊನೆಯ ಹಂತದ ಹಿಂದಿನ ದಿನ ಗುಲಾಬಿ ಅಂಗಿ ತೊಟ್ಟಿದ್ದವನು ಯುವಕ ಗಸ್ತೊನೆ ನೆನ್ಚೀನಿ. ಕಲ್ಲುಮಣ್ಣಿನ ದಾರಿಯಲ್ಲಿ ಅವನ ಟೈರ್‌ಗಳು ಕೈಕೊಟ್ಟವು. ದಾರಿಯ ಗುಣ ತಿಳಿದು ಗಟ್ಟಿ ಟೈರ್ ಹಾಕಿಸಿಕೊಂಡಿದ್ದ ಮಾನ್ಯಿ ಮುನ್ನುಗ್ಗಿದ, ಕೊಪ್ಪಿ ಅವನ ಜೊತೆ ಸೇರಿದ. ಏಳು ವರ್ಷದ ಹಿಂದೆ ಯಾರ ಮೇಲೆ ಸಿಟ್ಟಿಗೆದ್ದು ಸ್ಪರ್ಧೆ ಬಿಟ್ಟಿದ್ದನೋ ಅದೇ ಮಾನ್ಯಿ. ಇಬ್ಬರು ಹಿರಿಯರೂ ಸರದಿಯಂತೆ ಗಾಳಿ ಸೀಳುತ್ತ ಹುಡುಗನನ್ನು ದೂರ ಬಿಟ್ಟರು. ಹಂತ ಕೊಪ್ಪಿಗೆ ಸಿಕ್ಕಿತು, ಜಿರೊ ಮಾನ್ಯಿಗೆ. ನಡುವಿನ ಅಂತರ 13 ಸೆಕೆಂಡು. ಅದಾದ ಮೇಲೆ ಕೊಪ್ಪಿ ದೊಡ್ಡ ಗೆಲುವುಗಳಿಂದ ದೂರವಾದ. ಆದರೂ ಸೈಕಲ್ ಬಿಡಲು ಮನಸ್ಸಾಗಲಿಲ್ಲ.

ತಿಳಿಯದೆ ಹೋದ ಜ್ವರ

1959ರಲ್ಲಿ ಹಳೆಯ ಎದುರಾಳಿಗಳು ಮತ್ತೆ ಹತ್ತಿರ ಬಂದರು. ಟೀವಿ ಕಾರ್ಯಕ್ರಮವೊಂದರಲ್ಲಿ ಇಬ್ಬರೂ ಜೊತೆಯಾಗಿ ಹಾಡುತ್ತ ಒಬ್ಬರನ್ನೊಬ್ಬರು ಗೇಲಿ ಮಾಡಿ ನಗಿಸಿದರು. 1960ರ ಸಾಲಿಗೆ ಸಾನ್ ಪೆಲ್ಲೆಗ್ರೀನೊ ತಂಡ ಸೇರಲು ಕೊಪ್ಪಿ ಒಪ್ಪಿದ. ಆ ತಂಡದ ಮ್ಯಾನೇಜರ್ ಬಾರ್ತಾಲಿ. ಇಪ್ಪತ್ತು ವರ್ಷದ ಬಳಿಕ ಇಬ್ಬರೂ ಮತ್ತೆ ಒಂದೇ ತಂಡ.

ಅದಕ್ಕೆ ಮುಂಚೆ ಡಿಸೆಂಬರ್‌ನಲ್ಲಿ ಕೊಪ್ಪಿ ಕೆಲವು ಸವಾರರೊಂದಿಗೆ ಪಶ್ಚಿಮ ಆಫ್ರಿಕಾದ ಅಪ್ಪರ್ ವೋಲ್ಟಾಗೆ ಹೋದ. ಈಗ ಆ ದೇಶದ ಹೆಸರು ಬುರ್ಕಿನಾ ಫಾಸೊ. ಅಲ್ಲಿ ಒಂದು ಪ್ರದರ್ಶನ ಸ್ಪರ್ಧೆ, ಆಮೇಲೆ ಬೇಟೆ. ರಾತ್ರಿ ಸೊಳ್ಳೆಗಳ ಕಾಟ. ಕೋಣೆಯ ಜೊತೆಗಾರ ಫ್ರಾನ್ಸಿನ ಸವಾರ ರಫಾಯೆಲ್ ಜೆಮಿನಿಯಾನಿ. ಊರಿಗೆ ಮರಳಿದ ಮೇಲೆ ಇಬ್ಬರಿಗೂ ಜ್ವರ ಬಂತು. ಫ್ರಾನ್ಸಿನಲ್ಲಿ ಜೆಮಿನಿಯಾನಿಗೆ ಎಚ್ಚರ ತಪ್ಪಿತು. ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಎಂದು ತಿಳಿದು ಕ್ವಿನೈನ್ ಕೊಟ್ಟರು, ಬದುಕಿಕೊಂಡ. ಅವನ ಮನೆಯವರು ಇಟಲಿಗೆ ಫೋನ್ ಮಾಡಿ ಎಚ್ಚರಿಸಿದರೆಂದು ಜೆಮಿನಿಯಾನಿ ಕಡೆಯವರು ಹೇಳುತ್ತ ಬಂದಿದ್ದಾರೆ. ಆದರೆ ಕೊಪ್ಪಿಯನ್ನು ನೋಡುತ್ತಿದ್ದ ವೈದ್ಯರು ಅದನ್ನು ಶೀತಜ್ವರ, ಶ್ವಾಸಕೋಶದ ಸೋಂಕು ಎಂದೇ ತಿಳಿದು ಔಷಧಿ ಕೊಡುತ್ತಿದ್ದರು. ಒಂದು ಹನಿ ರಕ್ತದ ಪರೀಕ್ಷೆ, ಕೆಲವು ಗುಳಿಗೆ. ಅಷ್ಟೇ ಬೇಕಾಗಿತ್ತು. 1960ರ ಜನವರಿ 2ರ ಬೆಳಿಗ್ಗೆ ತೊರ್ತೊನಾ ಆಸ್ಪತ್ರೆಯಲ್ಲಿ ಫೌಸ್ಟೊ ಕೊಪ್ಪಿ ಕಣ್ಣು ಮುಚ್ಚಿದ. ವಯಸ್ಸು 40.

ಕಾಸ್ತೆಲ್ಲಾನಿಯಾದ ಗುಡ್ಡದ ಮೇಲೆ ತಮ್ಮ ಸೆರ್ಸೆಯ ಪಕ್ಕದಲ್ಲೇ ಕೊಪ್ಪಿಯ ಸಮಾಧಿ ಇದೆ. ಜಿರೊದ ಅತಿ ಎತ್ತರದ ಘಾಟಿಯನ್ನು 1965ರಿಂದ ಚೀಮಾ ಕೊಪ್ಪಿ, ಅಂದರೆ ಕೊಪ್ಪಿ ಶಿಖರ, ಎಂದು ಕರೆಯುತ್ತಾರೆ. ಹುಟ್ಟಿ ನೂರು ವರ್ಷ ತುಂಬಿದ 2019ರಲ್ಲಿ ಆ ಹಳ್ಳಿಯ ಹೆಸರೂ ಕಾಸ್ತೆಲ್ಲಾನಿಯಾ ಕೊಪ್ಪಿ ಎಂದಾಯಿತು.

ಬಾರ್ತಾಲಿ ಇನ್ನೂ ನಲವತ್ತು ವರ್ಷ ಬದುಕಿ 2000ದ ಮೇ 5ರಂದು ತೀರಿಕೊಂಡ. ಹೋದಲ್ಲೆಲ್ಲ ಜನ ಅವನನ್ನು ಆ ಬಾಟಲಿಯ ಬಗ್ಗೆಯೇ ಕೇಳುತ್ತಿದ್ದರು. ಕೊಟ್ಟವನು ತಾನೇ ಎಂದು ಕೊನೆಯವರೆಗೂ ಹೇಳುತ್ತಿದ್ದ. ಅಲ್ಲ ಎನ್ನಲು ಕೊಪ್ಪಿ ಇರಲಿಲ್ಲ.